ಒಕ್ಕದ ಫೋಟೊ, ಕಾಗದ ಗೂಗಲ್‌ನಿಂದ ತೆಗೆದು ಐನ್‌ಮನೆಯಲ್ಲೇ ಇಡೋದು ಹೇಗೆ?

ಜಗಲಿಕಟ್ಟೆ:
ಒಕ್ಕದ (ಕೊಡವ ಮನೆತನ) ಹಳೇ ಫೋಟೊ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಕಾಗದಗಳ ಸ್ಕ್ಯಾನ್, ಪುತ್ತರಿ (ಸುಗ್ಗಿ ಹಬ್ಬ) ವೀಡಿಯೊ ಎಲ್ಲ ಸೇರಿ ಸುಮಾರು 200 ಜಿಬಿ, ಒಬ್ಬರ ಗೂಗಲ್ ಖಾತೆಯಲ್ಲಿದೆ. ಆ ಖಾತೆ ಲಾಕ್ ಆದರೆ ಎಲ್ಲರಿಗೂ ಹೋಯ್ತು. ಐನ್‌ಮನೆ (ಒಕ್ಕದ ಮೂಲ ಮನೆ) ಮಡಿಕೇರಿಯಿಂದ ಒಳಗೆ, ಫೈಬರ್ 30 ಎಂಬಿಪಿಎಸ್, ಮಳೆಗಾಲದಲ್ಲಿ ಕರೆಂಟ್ ನೆಚ್ಚಿಕೊಳ್ಳೋ ಹಾಗಿಲ್ಲ. 8 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 5 (ಅಂಗೈಯಗಲದ ಕಂಪ್ಯೂಟರ್) ಇದೆ. ಅದರಲ್ಲಿ ಇಮ್ಮಿಚ್ (ಗೂಗಲ್ ಫೋಟೋಸ್ ಥರದ್ದೇ, ಆದರೆ ನಮ್ಮ ಮೆಷಿನ್‌ನಲ್ಲೇ ಓಡೋ ಸಾಫ್ಟ್‌ವೇರ್) ಹಾಕಿದರೆ ಮೈಸೂರು, ಬೆಂಗಳೂರಿನಲ್ಲಿ ಇರೋವರಿಗೂ ಕಾಣುತ್ತಾ?

ಬೈನೆಮರ:
ಕಾಣುತ್ತೆ. ಆದ್ರೆ ಮೊದಲು ಹೊರಗೆ ತನ್ನಿ, ಮೆಷಿನ್ ವಿಷಯ ಆಮೇಲೆ.

ಗೂಗಲ್ ಟೇಕೌಟ್‌ನಲ್ಲಿ (ನಮ್ಮ ಡೇಟಾ ಇಳಿಸಿಕೊಳ್ಳೋ ಗೂಗಲ್ ಪುಟ) ಫೋಟೋಸ್ ಮಾತ್ರ ಟಿಕ್ ಮಾಡಿ, ಜಿಪ್ ಗಾತ್ರ 10 ಜಿಬಿ ಇಡಿ. 50 ಜಿಬಿ ಇಟ್ಟರೆ ಮುಕ್ಕಾಲು ಇಳಿದ ಮೇಲೆ ಲೈನ್ ಹೋದಾಗ ಮೊದಲಿಂದ ಶುರು ಮಾಡಬೇಕಾಗಬಹುದು. ನಿಮ್ಮ ವೇಗಕ್ಕೆ ಒಂದೊಂದು ಜಿಪ್‌ಗೆ ಮುಕ್ಕಾಲು ಗಂಟೆ, ಒಟ್ಟು 15 ಗಂಟೆ. ಲಿಂಕ್ ಬದುಕಿರೋದು ಒಂದು ವಾರ.

ಎಲ್ಲರೂ ಎಡವೋದು ಜೇಸನ್ ಫೈಲಿನಲ್ಲಿ, ಅಂದರೆ ಫೋಟೊ ಜೊತೆ ಬರೋ ಸಣ್ಣ ಮಾಹಿತಿ ಫೈಲಿನಲ್ಲಿ. ಕ್ಯಾಮೆರಾ ಬರೆದ ದಿನಾಂಕ ಫೋಟೊದ ಒಳಗೇ ಇರುತ್ತೆ; ನೀವು ಗೂಗಲ್‌ನಲ್ಲಿ ಕೂತು ತಿದ್ದಿದ ದಿನಾಂಕ, ಬರೆದ ವಿವರಣೆ ಪಕ್ಕದ ಜೇಸನ್‌ನಲ್ಲಿ. ಅದನ್ನು ಕಸ ಅಂತ ಅಳಿಸಿದರೆ 1960ರ ಮದುವೆ, ಸ್ಕ್ಯಾನ್ ಮಾಡಿದ 2019ಕ್ಕೆ ಹೋಗಿ ಕೂರುತ್ತೆ. ಫೋಟೊ ಒಂದು ಜಿಪ್‌ನಲ್ಲಿ, ಅದರ ಜೇಸನ್ ಇನ್ನೊಂದರಲ್ಲಿ ಸಿಗೋದೂ ಉಂಟು. ಹಾಗಾಗಿ ಜಿಪ್ ಬಿಚ್ಚಬೇಡಿ, ಎಲ್ಲವನ್ನೂ ಒಟ್ಟಿಗೆ ಇಮ್ಮಿಚ್-ಗೋ ಅನ್ನೋ ಟೂಲ್‌ಗೆ ಕೊಡಿ, ಅದೇ ಜೋಡಿಸಿಕೊಳ್ಳುತ್ತೆ.

'ಸ್ಟೋರೇಜ್ ಸೇವರ್'ನಲ್ಲಿ (ಜಾಗ ಉಳಿಸೋಕೆ ಗೂಗಲ್ ಕುಗ್ಗಿಸಿಡೋ ಆಯ್ಕೆ) ಹಾಕಿದ್ದ ಫೋಟೊಗಳ ಮೂಲ ಗುಣಮಟ್ಟ ವಾಪಸ್ ಬರಲ್ಲ. ಹಳೇ ಪೆನ್‌ಡ್ರೈವ್, ಸಿಡಿ ಇದ್ದರೆ ಎಸೀಬೇಡಿ.

ಹೂಮಳೆ:
ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್‌ನ ಅಡಾಪ್ಟರ್‌ ಆಗಬೇಕು. 3 ಆಂಪಿಯರ್‌ನದ್ದು ಚುಚ್ಚಿದರೂ ಬೋರ್ಡ್ ಏಳುತ್ತೆ, ಆದರೆ ಯುಎಸ್‌ಬಿಗೆ ಒಟ್ಟು 600 ಮಿಲಿ ಆಂಪಿಯರ್ ಮಾತ್ರ ಬಿಡುತ್ತೆ. ದೊಡ್ಡ ಕಾಪಿ ಶುರುವಾದಾಗ ಎಸ್‌ಎಸ್‌ಡಿ ಕಳಚಿಕೊಳ್ಳೋದು ಇದರಿಂದ. ಜನ ಡಿಸ್ಕ್ ಕೆಟ್ಟಿದೆ ಅಂದ್ಕೋತಾರೆ. ಇಮ್ಮಿಚ್‌ನ ಡೇಟಾಬೇಸ್ ಎಸ್‌ಡಿ ಕಾರ್ಡ್‌ನಲ್ಲಿ ಇಡಬೇಡಿ. ಬರೀತಾ ಇರುವಾಗ ಕರೆಂಟ್ ಹೋದರೆ ಕಾರ್ಡ್‌ ಅಲ್ಲಿಗೇ ಮುಗೀಬಹುದು.

ಪೈ, ಎಸ್‌ಎಸ್‌ಡಿ, ಫೈಬರ್ ಬಾಕ್ಸ್ ಸೇರಿ 20 ವ್ಯಾಟ್ ಅಂತಿಟ್ಟುಕೊಳ್ಳಿ. ಇನ್ವರ್ಟರ್ ತಾನೇ ಇನ್ನೂ ಅಷ್ಟು ತಿನ್ನುತ್ತೆ, ಒಟ್ಟು 40. 12 ವೋಲ್ಟ್‌ನ 150 ಎಎಚ್ ಬ್ಯಾಟರಿಯನ್ನು ಅರ್ಧದವರೆಗೆ ಇಳಿಸಿದರೆ 900 ವ್ಯಾಟ್‌ಅವರ್, ಅಂದರೆ 22 ಗಂಟೆ. ಎರಡು ದಿನ ಕರೆಂಟ್ ಇಲ್ಲ ಅಂದ್ರೆ ನೀವೇ ಶಟ್‌ಡೌನ್ ಮಾಡಿಡಿ.

ಹೊರಗಿನಿಂದ ಕಾಣಬೇಕಾದರೆ ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರ ಒಳಗಿದ್ದರೆ ಸಿಜಿನ್ಯಾಟ್: ನಿಮ್ಮ ಹಾಗೆ ಇನ್ನೆಷ್ಟೋ ಮನೆಗೆ ಒಂದೇ ಹೊರ ವಿಳಾಸ, ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ರೂಟರ್ ಪೈಗೆ ದಾಟಿಸೋದು) ಮಾಡಿ ಪ್ರಯೋಜನ ಇಲ್ಲ. ಟೇಲ್‌ಸ್ಕೇಲ್ (ದೂರದ ಮೆಷಿನ್‌ಗಳನ್ನು ಖಾಸಗಿ ಜಾಲದಲ್ಲಿ ಜೋಡಿಸೋ ಸೇವೆ) ಹಾಕಿದರೆ ಕೆಲಸ ಆಗುತ್ತೆ. ಡೇಟಾ ಎನ್‌ಕ್ರಿಪ್ಟ್ ಆಗೇ ಹೋಗುತ್ತೆ, ಆದರೆ ಯಾರು ಯಾರಿಗೆ ಜೋಡಿ ಅಂತ ಹೇಳಿಕೊಡೋದು ಆ ಕಂಪನಿಯ ಸರ್ವರ್. 'ವಿಕೇಂದ್ರೀಕರಣ' ಅಂತ ಹೊರಟವರು ಅಲ್ಲೇ ಒಂದು ಕೇಂದ್ರಕ್ಕೆ ಕಟ್ಟುಬಿದ್ದ ಹಾಗೆ. ಬೇಡ ಅಂದ್ರೆ ಆ ಸರ್ವರ್ ಕೆಲಸವನ್ನು ನಾವೇ ನಡೆಸೋ ಹೆಡ್‌ಸ್ಕೇಲ್ ಇದೆ, ಅದಕ್ಕೆ ಹೊರಗೆ ಒಂದು ಬಾಡಿಗೆ ಸರ್ವರ್ ಬೇಕು.

ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕೀಳಿ. ಫೈಬರ್‌ನ ಗಾಜು ಸಿಡಿಲು ತರಲ್ಲ, ಜೊತೆಗಿರೋ ಉಕ್ಕಿನ ತಂತಿ ತರುತ್ತೆ.

ಗದ್ದೆಬದು:
ನಾನಾದ್ರೆ ಇಷ್ಟೆಲ್ಲ ಮಾಡಲ್ಲ. ಸಿಂಕ್‌ಥಿಂಗ್ ಸಾಕು, ಬೇರೆ ಬೇರೆ ಮೆಷಿನ್‌ನ ಫೋಲ್ಡರ್‌ಗಳನ್ನು ಒಂದೇ ಥರ ಇಡೋ ಸಾಫ್ಟ್‌ವೇರ್. ಖಾತೆ ಇಲ್ಲ, ಯಜಮಾನ ಸರ್ವರ್ ಇಲ್ಲ. ಐನ್‌ಮನೆ, ಮೈಸೂರು, ಬೆಂಗಳೂರು ಮೂರು ಕಡೆ ಒಂದೊಂದು ಡಿಸ್ಕ್, ಡಿವೈಸ್ ಐಡಿ ಕೊಟ್ಟು ಜೋಡಿಸೋದು. ಕೊಡಗಿನ 2018ರ ಆಗಸ್ಟ್ ಭೂಕುಸಿತ ನೋಡಿದ ಮೇಲೆ ಬರೀ ಬೆಟ್ಟದ ಮೇಲಿನ ಒಂದೇ ಪ್ರತಿಯನ್ನು ನಂಬೋಕಾಗಲ್ಲ.

ಆದ್ರೆ ಇದು ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಮೂರೂ ಕಡೆ ಅಳಿಯುತ್ತೆ. ಮೈಸೂರಿನದ್ದನ್ನು 'ರಿಸೀವ್ ಓನ್ಲಿ' (ಬರೋದನ್ನು ತಗೊಳ್ಳುತ್ತೆ, ತನ್ನದನ್ನು ಕಳಿಸಲ್ಲ) ಮಾಡಿ, ಅಲ್ಲೇ ಫೈಲ್ ವರ್ಷನಿಂಗ್ (ಹಳೇ ಪ್ರತಿ ಎತ್ತಿಡೋದು) ಹಾಕಿ. ವರ್ಷನಿಂಗ್ ಹಿಡಿಯೋದು ಬೇರೆ ಕಡೆಯಿಂದ ಬಂದ ಬದಲಾವಣೆಯನ್ನು ಮಾತ್ರ. ಆ ಮೆಷಿನ್‌ನಲ್ಲೇ ಅಳಿಸಿದ್ದು ಉಳಿಯಲ್ಲ. ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿದೆ, ಫೋನಿಗೆ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಿ.

ಜಗಲಿಕಟ್ಟೆ:
ಎರಡೂ ಹಾಕ್ತೀವಿ ಅನ್ಸುತ್ತೆ: ನೋಡೋಕೆ ಇಮ್ಮಿಚ್, ಪ್ರತಿಗೆ ಸಿಂಕ್‌ಥಿಂಗ್. ಅಡ್ಮಿನ್ ಯಾರ ಹೆಸರಲ್ಲಿ ಇಡೋದು? ಕಾನೂನು ಏನನ್ನುತ್ತೆ?

ಬೈನೆಮರ:
ಹಾಗಾದ್ರೆ ಇಮ್ಮಿಚ್‌ನ ಓಡುತ್ತಿರೋ ಡೇಟಾಬೇಸ್ ಫೋಲ್ಡರನ್ನು ಸಿಂಕ್ ಮಾಡಬೇಡಿ, ಅರ್ಧಂಬರ್ಧ ಕಾಪಿ ಆಗುತ್ತೆ. ಇಮ್ಮಿಚ್ ರಾತ್ರಿ 2ಕ್ಕೆ ತಾನೇ ಒಂದು ಡಂಪ್ (ಡೇಟಾಬೇಸಿನ ನಕಲು) ತೆಗೆದು 'ಬ್ಯಾಕಪ್ಸ್' ಫೋಲ್ಡರ್‌ಗೆ ಹಾಕುತ್ತೆ. ಅದನ್ನೂ ಫೋಟೊ ಫೋಲ್ಡರನ್ನೂ ಕಳಿಸಿ.

2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯಲ್ಲಿ ನೋಡುವ, ತಿದ್ದಿಸುವ, ಅಳಿಸುವ ಹಕ್ಕಿದೆ. ಸತ್ತ ಮೇಲೆ ಹಕ್ಕು ಚಲಾಯಿಸೋಕೆ ಒಬ್ಬರನ್ನು ನಾಮಿನಿ ಮಾಡಬಹುದು. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್‌ನ 20ನೇ ವಿಧಿಯ ಹಾಗೆ 'ನನ್ನ ಡೇಟಾ ಗಂಟು ಕಟ್ಟಿ ಕೊಡು' ಅನ್ನೋ ಹಕ್ಕು ಇದರಲ್ಲಿಲ್ಲ. ಮನೆಯೊಳಗಿನ ಬಳಕೆಗೆ ಕಾಯ್ದೆ ಅನ್ವಯಿಸೋದೂ ಇಲ್ಲ. ಅಂದ್ರೆ ಪೈ ಯಾರ ಕೈಲಿದೆಯೋ ಅವರೇ ರಾಜ. ಜಮ್ಮಾ ಕಾಗದದಲ್ಲಿ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರಿದ್ದರೂ ಪಾಲು ಒಕ್ಕದ್ದು, ಗೊತ್ತಲ್ಲ. ಇಲ್ಲೂ ಅಡ್ಮಿನ್ ಇಬ್ಬರಿರಲಿ, ಎರಡು ತಲೆಮಾರಿನಿಂದ ಒಬ್ಬೊಬ್ಬರು.

ಹಳೇ ಗೂಗಲ್ ಖಾತೆ ಈಗಲೇ ಮುಚ್ಚಬೇಡಿ. ಇಮ್ಮಿಚ್ ತೋರಿಸೋ ಸಂಖ್ಯೆಯನ್ನು ಇಮ್ಮಿಚ್-ಗೋ ವರದಿ ಜೊತೆ ತಾಳೆ ನೋಡಿ. ಒಂದು ಮಳೆಗಾಲ ಕಳೀಲಿ. ಹಾಗಂತ ಮರೆತೂ ಬಿಡಬೇಡಿ, ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು.

ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿ ಪೆಟ್ಟಿಗೆಯಲ್ಲಿಡಿ. ಬರೆಯೋದು ಪೆನ್ಸಿಲ್‌ನಲ್ಲಿ. ಜುಲೈ ಶೀತಕ್ಕೆ ಶಾಯಿ ಹರಡುತ್ತೆ.