ಮಳೆ ಬಂದರೆ ಸೆಪ್ಟಿಕ್ ಟ್ಯಾಂಕ್ ತುಂಬುತ್ತದೆ, ಏನು ಮಾಡೋದು?

ಪ್ರಶ್ನೆ (ಹುಬ್ಬಳ್ಳಿ, ಗದಗ ರಸ್ತೆ ಕಡೆ): ನಮಸ್ಕಾರ ಸರ್. ಹೊಸ ಲೇಔಟ್‌ನಲ್ಲಿ ಮನೆ, ಒಳಚರಂಡಿ ಇನ್ನೂ ಬಂದಿಲ್ಲ. ಮಳೆ ಹತ್ತಿದರೆ ಸಾಕು, ಟ್ಯಾಂಕ್ ತುಂಬಿ ಪಾಯಖಾನೆಯಲ್ಲಿ ನೀರು ಇಳಿಯುವುದೇ ಇಲ್ಲ. ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದೆವು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಟ್ಯಾಂಕ್ ಸಣ್ಣದಾಯ್ತಾ?

ಉತ್ತರ: ಅಕ್ಕಾರೆ, ಟ್ಯಾಂಕ್ ಯಾವಾಗಲೂ ತುಂಬಿಯೇ ಇರಬೇಕು. ಗಟ್ಟಿ ಹೊಲಸು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆ ಕಟ್ಟುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಒಳಗೆ ಬಂದಷ್ಟು ಹೊರಗೆ ಹೋದರೆ ಮುಗೀತು. ನಿಮ್ಮಲ್ಲಿ ಹೋಗುತ್ತಿಲ್ಲ ಅನಿಸುತ್ತದೆ. ಆ ಕಡೆಯದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಷ್ಟು ನೀರಾದರೂ ಕುಡಿಯುತ್ತದೆ. ಮಳೆಗೆ ಉಬ್ಬಿ, ಬಿರುಕು ಮುಚ್ಚಿಕೊಂಡು, ಇಂಗಿಸುವುದನ್ನೇ ಬಿಡುತ್ತದೆ. ಆಗ ಗಾಡಿ ಕರೆಸಿದರೆ ಬರೀ ನೀರು ಎತ್ತಿಸಲು ದುಡ್ಡು ಕೊಟ್ಟಂತೆ.

ಒಂದು ಕೆಲಸ ಮಾಡಿ. ಟ್ಯಾಂಕ್ ಮತ್ತು ಇಂಗುಗುಂಡಿ ನಡುವಿನ ಚೇಂಬರ್ ಮುಚ್ಚಳ ತೆಗೆಸಿ. ತೆಗೆದ ಕೂಡಲೇ ಬಗ್ಗಿ ನೋಡಬೇಡಿ, ಗ್ಯಾಸ್ ಹೋಗಲಿ. ಹತ್ತಿರ ಬೀಡಿ, ಕಡ್ಡಿಪೆಟ್ಟಿಗೆ ಬೇಡ. ಪೈಪಿನ ಬಾಯಿ ನೀರಲ್ಲಿ ಮುಳುಗಿದ್ದರೆ ದೋಷ ಇಂಗುಗುಂಡಿಯದು. ಚೇಂಬರ್ ಒಣಗಿದ್ದು ಟ್ಯಾಂಕ್ ಮಾತ್ರ ತುಂಬಿ ನಿಂತಿದ್ದರೆ ಟ್ಯಾಂಕಿನಿಂದ ನೀರು ಹೊರಹೋಗುವ ಟಿ ಆಕಾರದ ಪೈಪ್ ಕಟ್ಟಿದೆ.

ಇನ್ನೊಂದು ಮಾತು. ನಳದಲ್ಲಿ ನೀರು ಬಂದ ದಿನ ವಾರದ ಬಟ್ಟೆಯೆಲ್ಲ ಒಂದೇ ಸಲ ಒಗೀತೀರಿ, ಅಲ್ವಾ? ಆ ನೀರೂ ಟ್ಯಾಂಕಿಗೇ ಹೋದರೆ ತಳದ ಹೊಲಸು ಕಲಕಿ ಇಂಗುಗುಂಡಿಗೆ ನುಗ್ಗುತ್ತದೆ. ಅದರ ಗೋಡೆ ಕಟ್ಟಿಕೊಳ್ಳುವುದು ಹೀಗೆಯೇ.

ಪ್ರಶ್ನೆ (ಅವರೇ): ನೋಡಿದೆವು ಸರ್, ಪೈಪ್ ಪೂರ್ತಿ ಮುಳುಗಿದೆ. ಮಾಳಿಗೆಯ ಮಳೆ ನೀರಿನ ಪೈಪೂ ಅದೇ ಚೇಂಬರಿಗೆ ಬಂದಿದೆ!

ಉತ್ತರ: ಗೌಂಡಿ ನಾಲ್ಕು ಪೈಪ್ ಉಳಿಸಿದ್ದಾನೆ, ಅಷ್ಟೆ. ಮೊದಲು ಮಳೆ ನೀರನ್ನು ಬೇರೆ ಮಾಡಿಸಿ. ಬಟ್ಟೆ ಒಗೆದ ನೀರನ್ನು ಬಾಳೆ ಗಿಡದ ಪಾತಿಗೆ ಬಿಡಿ. ಆಮೇಲೂ ನಿಂತರೆ ಬೇಸಿಗೆಯಲ್ಲಿ ಉದ್ದನೆಯ, ಆಳ ಕಡಿಮೆಯ ಕಾಲುವೆ ತೋಡಿಸಿ, ಖಡಿ ತುಂಬಿ, ತೂತಿನ ಪೈಪ್ ಹಾಕಿಸಿ. ಎರೆ ಮಣ್ಣಿನಲ್ಲಿ ಆಳಕ್ಕಿಂತ ಅಗಲ ಮುಖ್ಯ. ಬಾವಿ, ಬೋರ್‌ವೆಲ್ ಇದ್ದರೆ 18 ಮೀಟರ್ ದೂರ ಬಿಡಿ.

ಪ್ರಶ್ನೆ (ನವಲಗುಂದ): ಹಾಗಾದರೆ ಗಾಡಿ ಕರೆಸುವುದು ಯಾವಾಗ? ಸಗಣಿ ನೀರು ಹಾಕಿದರೆ ಹೊಲಸು ಕರಗುತ್ತದೆ ಅಂತಾರೆ.

ಉತ್ತರ: ತೊಂದರೆ ಇರಲಿ ಬಿಡಲಿ, 2–3 ವರ್ಷಕ್ಕೊಮ್ಮೆ ತೆಗೆಸಿ. ಅದೂ ಮಳೆಗಾಲಕ್ಕೆ ಮುಂಚೆ. ಉದ್ದ ಕೋಲು ಇಳಿಸಿದಾಗ ತಳದ ಕೆಸರು ಟ್ಯಾಂಕಿನ ಮೂರನೇ ಒಂದು ಭಾಗ ಮುಟ್ಟಿದ್ದರೆ ತಡ ಮಾಡಬೇಡಿ. ಪೂರ್ತಿ ತೊಳೆಸಬೇಡಿ, ತಳದಲ್ಲಿ ಸ್ವಲ್ಪ ಕೆಸರು ಉಳಿಸಿ. ಕೂಡಲೇ ನೀರು ತುಂಬಿಸಿ. ಖಾಲಿ ಟ್ಯಾಂಕನ್ನು ಹಸಿ ಎರೆ ಮಣ್ಣು ಹೊರಗಿನಿಂದ ಒತ್ತುತ್ತದೆ. ಸಗಣಿ ಬೇಡ, ಕೆಸರು ಜಾಸ್ತಿ ಆಗುತ್ತದೆ ಅಷ್ಟೆ. ಬೇಕಾದ ಬ್ಯಾಕ್ಟೀರಿಯಾ ನಮ್ಮ ಮಲದಲ್ಲೇ ಇದೆ. ಆ್ಯಸಿಡ್, ಬ್ಲೀಚಿಂಗ್ ಪುಡಿ ಸುರಿದು ಅದನ್ನು ಸಾಯಿಸದಿದ್ದರೆ ಸಾಕು.

ಪ್ರಶ್ನೆ (ಧಾರವಾಡ): ನಮ್ಮ ಓಣಿಗೆ ಗಾಡಿ ಬರುವುದಿಲ್ಲ. ಒಬ್ಬರು ಒಳಗೆ ಇಳಿದು ತೆಗೆಯುತ್ತೇನೆ ಅಂತಾರೆ.

ಉತ್ತರ: ಬೇಡವೇ ಬೇಡ ಅಣ್ಣಾರೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ಎತ್ತಲು ಹೋದವರೂ ಸಾಯುತ್ತಾರೆ. ರಕ್ಷಣೆಯ ಸಾಮಾನಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಇಳಿಸಿದ ಮನೆಯವರಿಗೂ ಇದು ತಪ್ಪಿದ್ದಲ್ಲ. ಗಾಡಿ ಓಣಿಯ ಬಾಯಲ್ಲೇ ನಿಲ್ಲಲಿ. ಅಲ್ಲಿಂದ ಟ್ಯಾಂಕಿನವರೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆಯಿರಿ. ಫೋನ್ ಮಾಡುವಾಗಲೇ ಅಷ್ಟು ಉದ್ದದ ಪೈಪ್ ತರಲು ಹೇಳಿ.