ಒರಟು ವೈದ್ಯನ ಧಾರಾವಾಹಿ ನಮ್ಮನ್ನು ಹಿಡಿದು ಕೂರಿಸುವುದೇಕೆ?

ವಿದ್ಯಾನಗರದ ಓದುಗ, ದಾವಣಗೆರೆ

ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2004ರಿಂದ 2012ರವರೆಗೆ ಎಂಟು ಸೀಸನ್‌ಗಳಾಗಿ ಪ್ರಸಾರವಾದ ‘ಹೌಸ್’ ಧಾರಾವಾಹಿಯನ್ನು ನಮ್ಮ ಊರಿನಲ್ಲಿ ಇಂದಿಗೂ ಹುಡುಕಿಕೊಂಡು ನೋಡುವವರಿದ್ದಾರೆ. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ. ಆದರೆ ವೈದ್ಯಕೀಯದ ಗಂಧವೇ ಇಲ್ಲದವರೂ ಅದನ್ನು ಬಿಡದೆ ನೋಡುತ್ತಾರೆ. ಅದರ ನಾಯಕ ಡಾ. ಗ್ರೆಗರಿ ಹೌಸ್ ತೊಡೆಯ ಸ್ನಾಯುವಿಗೆ ರಕ್ತ ನಿಂತುಹೋಗಿ ಊರುಗೋಲು ಹಿಡಿದವನು, ನೋವಿನ ಮಾತ್ರೆಯ ಚಟಕ್ಕೆ ಬಿದ್ದವನು, ರೋಗಿಯ ಮುಖ ನೋಡುವುದೆಂದರೆ ಬೇಸರಪಡುವವನು, ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬುದನ್ನೇ ಸಿದ್ಧಾಂತ ಮಾಡಿಕೊಂಡವನು. ಇಂಥವನನ್ನು ಏಕೆ ಮೆಚ್ಚುತ್ತೀರಿ ಎಂದರೆ, ಅವನು ಮಹಾ ಜಾಣ, ಜಾಣರ ಒರಟುತನವನ್ನು ಲೋಕ ಸಹಿಸಿಕೊಳ್ಳುತ್ತದೆ ಎಂಬ ಉತ್ತರ ಬರುತ್ತದೆ. ನನಗೆ ಈ ಉತ್ತರ ಸಾಲದೆನಿಸುತ್ತದೆ.

ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಚೀಟಿ ಮಾಡಿಸಿ, ಸರತಿಯಲ್ಲಿ ಕಾದು ಒಳಗೆ ಹೋದ ರೋಗಿಗೆ ವೈದ್ಯರ ಎದುರು ಸಿಗುವ ಸಮಯ ಎಷ್ಟೆಂದು ನಮಗೆಲ್ಲ ಗೊತ್ತಿದೆ. ಆ ಧಾರಾವಾಹಿಯಲ್ಲಾದರೋ ನಾಲ್ವರು ವೈದ್ಯರು ಒಬ್ಬನೇ ರೋಗಿಯ ಲಕ್ಷಣಗಳನ್ನು ಬಿಳಿ ಹಲಗೆಯ ಮೇಲೆ ಬರೆದುಕೊಂಡು, ಒಂದೊಂದೇ ರೋಗದ ಹೆಸರನ್ನು ಸೇರಿಸುತ್ತ ಅಳಿಸುತ್ತ, ರಾತ್ರಿಯಿಡೀ ವಾದಿಸುತ್ತಾರೆ. ತನ್ನ ಕಾಯಿಲೆ ಇನ್ನೊಬ್ಬರ ನಿದ್ದೆಗೆಡಿಸುವಷ್ಟು ಮುಖ್ಯವಾಗಬೇಕೆಂಬ ಆಸೆ ಪ್ರತಿಯೊಬ್ಬ ರೋಗಿಗೂ ಇರುತ್ತದೆ. ಆ ಆಸೆಯನ್ನು ಪೂರೈಸುವವನು ಬೈದರೂ ಬೈಯಲಿ ಎಂದು ನಾವು ಒಪ್ಪಿಕೊಂಡಿದ್ದೇವೆ ಎಂಬುದು ನನ್ನ ವಾದ. ಒಪ್ಪದವರು ಕಾರಣ ಹೇಳಬೇಕಾಗಿ ಕೋರುತ್ತೇನೆ.

ವಾರ್ಡ್ ಸಿಸ್ಟರ್, ದಾವಣಗೆರೆ

ಸರ್, ನೀವು ರೋಗಿಯ ಕಡೆಯಿಂದ ನೋಡಿದ್ದೀರಿ. ನಾನು ಮಂಚದ ಇನ್ನೊಂದು ಬದಿಯಲ್ಲಿ ನಿಲ್ಲುವವಳು. ಆ ಧಾರಾವಾಹಿಯಲ್ಲಿ ರಕ್ತ ತೆಗೆಯುವವರು ವೈದ್ಯರೇ, ಸ್ಕ್ಯಾನಿಂಗ್ ಯಂತ್ರ ನಡೆಸುವವರು ವೈದ್ಯರೇ, ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವರೂ ವೈದ್ಯರೇ. ರಾತ್ರಿ ಪಾಳಿಯಲ್ಲಿ ಗಂಟೆಗಂಟೆಗೆ ಜ್ವರ, ನಾಡಿ, ಮೂತ್ರದ ಪ್ರಮಾಣ ಬರೆದಿಡುವವರು ಅಲ್ಲಿ ಗೋಡೆಯ ಬಣ್ಣದ ಹಾಗೆ ಹಿಂದೆ ಸರಿದಿದ್ದಾರೆ. ಒಬ್ಬ ಮನುಷ್ಯನ ಜಾಣತನವನ್ನು ದೊಡ್ಡದಾಗಿ ತೋರಿಸಬೇಕಾದರೆ ಉಳಿದವರ ಕೆಲಸವನ್ನು ತೆರೆಯಿಂದ ಆಚೆ ಇಡಲೇಬೇಕಾಗುತ್ತದೆ, ಮತ್ತು ನೋಡುವವರು ಅದನ್ನೇ ಆಸ್ಪತ್ರೆಯೆಂದು ನಂಬುತ್ತಾರೆ.

ಇನ್ನು ಒರಟುತನ. ಬೈಗುಳ ಬರೀ ಮನಸ್ಸಿಗೆ ನೋವು ಮಾಡುವ ವಿಷಯವೆಂದು ಬಹಳ ಜನ ತಿಳಿದಿದ್ದಾರೆ. 2015ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಇಸ್ರೇಲಿನ ಸಂಶೋಧಕರ ಪ್ರಯೋಗವೊಂದು ಪ್ರಕಟವಾಯಿತು. ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ, ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಸ್ಥಿತಿ ದಿಢೀರನೆ ಹದಗೆಡುವ ಅಣಕು ಸನ್ನಿವೇಶವನ್ನು ಕೊಟ್ಟರು. ಕೆಲವು ತಂಡಗಳ ಎದುರು ಹೊರಗಿನ ತಜ್ಞನೊಬ್ಬ ಸಣ್ಣಗೆ ಹೀಯಾಳಿಸುವ ಮಾತಾಡಿದ, ಉಳಿದವುಗಳ ಎದುರು ಸಾಮಾನ್ಯ ಮಾತಾಡಿದ. ಹೀಯಾಳಿಕೆ ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು, ಏಕೆಂದರೆ ಅವರು ಒಬ್ಬರಿಗೊಬ್ಬರು ವಿಷಯ ಹೇಳುವುದನ್ನೂ ಸಹಾಯ ಕೇಳುವುದನ್ನೂ ಕಡಿಮೆ ಮಾಡಿದ್ದರು. ಇದನ್ನು ನಾನು ಓದಿ ತಿಳಿಯುವ ಮೊದಲೇ ಕಂಡಿದ್ದೆ. ರೌಂಡ್ಸ್‌ನಲ್ಲಿ ಎಲ್ಲರೆದುರು ಬೈಸಿಕೊಂಡ ಹುಡುಗಿ ಮರುದಿನ ಅನುಮಾನ ಬಂದರೂ ಬಾಯಿ ಬಿಡುವುದಿಲ್ಲ. ತೆರೆಯ ಮೇಲೆ ಹೌಸ್ ತನ್ನ ತಂಡವನ್ನು ಎಷ್ಟು ಹಂಗಿಸಿದರೂ ಅವರು ಮತ್ತೆ ಮತ್ತೆ ಹೊಸ ಸಲಹೆ ಕೊಡುತ್ತಲೇ ಇರುತ್ತಾರೆ. ಅವನ ಅಪರೂಪದ ರೋಗಗಳನ್ನಾದರೂ ನಂಬಬಹುದು, ಇದನ್ನು ನಾನು ನಂಬಲಾರೆ.

ಪಿ.ಜಿ. ವಿದ್ಯಾರ್ಥಿ, ಜನರಲ್ ಮೆಡಿಸಿನ್

ಸಿಸ್ಟರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಆ ಧಾರಾವಾಹಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅದರ ಮೊದಲ ಕಂತನ್ನೇ ನೋಡಿ. ಪುಟ್ಟ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ ತರಗತಿಯಲ್ಲೇ ಮಾತು ತೊದಲಿ, ಫಿಟ್ಸ್ ಬಂದು ಬೀಳುತ್ತಾಳೆ. ಗೆಡ್ಡೆ ಎಂದುಕೊಳ್ಳುತ್ತಾರೆ, ರಕ್ತನಾಳಗಳ ಉರಿಯೂತ ಎಂದುಕೊಳ್ಳುತ್ತಾರೆ, ಸ್ಟೀರಾಯ್ಡ್ ಕೊಡುತ್ತಾರೆ, ಸ್ವಲ್ಪ ಸುಧಾರಿಸಿದ ಹಾಗೆ ಕಂಡು ಮತ್ತೆ ಕೆಡುತ್ತದೆ. ಕೊನೆಗೆ ಮೆದುಳಿನಲ್ಲಿ ಲಾಡಿಹುಳುವಿನ ಮರಿಯಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅಮೆರಿಕದ ಪ್ರೇಕ್ಷಕರಿಗೆ ಇದು ಊಹೆಗೆ ಮೀರಿದ ಉತ್ತರ. ನಮ್ಮ ದೇಶದಲ್ಲಿ ಹರೆಯದವರು ಮೊದಲ ಸಲ ಫಿಟ್ಸ್ ಬಂದು ದಾಖಲಾದರೆ ಇನ್ನೂ ತರಬೇತಿಯಲ್ಲಿರುವ ಇಂಟರ್ನ್ ಹುಡುಗನೂ ನ್ಯೂರೋಸಿಸ್ಟಿಸರ್ಕೋಸಿಸ್, ಅಂದರೆ ಮೆದುಳಿನ ಲಾಡಿಹುಳು ಸೋಂಕು ಎಂದು ಮೊದಲ ಸಾಲಿನಲ್ಲೇ ಬರೆಯುತ್ತಾನೆ. ರೋಗದ ನಿಗೂಢತೆ ರೋಗಿ ಎಲ್ಲಿ ಹುಟ್ಟಿದಳು ಎಂಬುದರ ಮೇಲೂ ನಿಂತಿದೆ.

ಆದರೆ ಆ ಕಂತು ನನ್ನನ್ನು ಹಿಡಿದದ್ದು ಬೇರೆ ಕಡೆ. ರೋಗ ಗೊತ್ತಾದ ಮೇಲೆ ಆಕೆ ಇನ್ನು ಚಿಕಿತ್ಸೆಯೇ ಬೇಡವೆನ್ನುತ್ತಾಳೆ. ಇಷ್ಟು ದಿನ ಹೀಗೆಯೇ ಊಹೆ ಮಾಡಿದ್ದೀರಿ, ಇದೂ ಊಹೆಯಲ್ಲವೆ ಎಂಬುದು ಅವಳ ಪ್ರಶ್ನೆ. ಆಗ ತಂಡದ ಕಿರಿಯ ವೈದ್ಯನೊಬ್ಬ, ಹುಳು ಸ್ನಾಯುವಿನಲ್ಲೂ ಇರಬಹುದು, ತೊಡೆಯ ಎಕ್ಸ್‌ರೇ ತೆಗೆಯೋಣ ಎಂದು ಸೂಚಿಸುತ್ತಾನೆ. ಆ ಸಾಮಾನ್ಯ ಎಕ್ಸ್‌ರೇಯಲ್ಲಿ ಪುರಾವೆ ಸಿಕ್ಕಿದ ಮೇಲೆ ಅವಳು ಮಾತ್ರೆ ನುಂಗುತ್ತಾಳೆ. ನಾಯಕನ ಜಾಣತನ ಅಲ್ಲಿ ಸಾಕಾಗಲಿಲ್ಲ ಎಂಬುದನ್ನು ಧಾರಾವಾಹಿ ಮೊದಲ ದಿನವೇ ಹೇಳಿಬಿಟ್ಟಿದೆ. ನಾವು ಅದನ್ನು ಮರೆತು ಅವನ ಊರುಗೋಲನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಕೋಟೆಯೂರಿನ ಓದುಗಿ, ಚಿತ್ರದುರ್ಗ

ನೀವೆಲ್ಲ ಒರಟುತನವನ್ನು ಒಂದು ಕಡೆ, ಸೌಜನ್ಯವನ್ನು ಇನ್ನೊಂದು ಕಡೆ ಇಟ್ಟು ತೂಗುತ್ತಿದ್ದೀರಿ. ಸೌಜನ್ಯವೂ ರೋಗಿಯನ್ನು ಬೇಗ ಹೊರಗೆ ಕಳಿಸುವ ದಾರಿಯಾಗಬಲ್ಲದು ಎಂಬುದನ್ನು ಅನುಭವಿಸಿದವರು ಬಲ್ಲರು. ನನಗೆ ಕೀಲುನೋವು, ವಿಪರೀತ ಸುಸ್ತು ಶುರುವಾದಾಗ ನಾನು ಕಂಡ ವೈದ್ಯರೆಲ್ಲರೂ ನಗುಮುಖದವರೇ. “ಏನೂ ಇಲ್ಲಮ್ಮ, ಚಿಂತೆ ಮಾಡಬೇಡಿ, ರಕ್ತ ಸ್ವಲ್ಪ ಕಡಿಮೆಯಿದೆ” ಎಂದು ಟಾನಿಕ್ ಬರೆದು ಕಳಿಸಿದರು. ನಮ್ಮ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕೀಲುನೋವನ್ನು ನೀರಿನ ಮೇಲೆ ಹೊರಿಸುವುದು ಸುಲಭ. ಒಬ್ಬರು ಹಾಗೆಯೇ ಹೇಳಿ ನೀರು ಬದಲಿಸಿ ಎಂದರು. ಯಾರೂ ನನ್ನನ್ನು ಗದರಲಿಲ್ಲ, ಯಾರಿಗೂ ನನ್ನ ನೋವು ಒಂದು ಪ್ರಶ್ನೆಯಾಗಿ ಕಾಡಲಿಲ್ಲ.

ಕೊನೆಗೆ ಗೊತ್ತಾದದ್ದು ಲೂಪಸ್, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ‘ಹೌಸ್’ ನೋಡಿದವರಿಗೆ ಈ ಹೆಸರು ಚೆನ್ನಾಗಿ ಪರಿಚಿತ: ಕಂತು ಕಂತಿಗೂ ಅದನ್ನು ಹಲಗೆಯ ಮೇಲೆ ಬರೆಯುತ್ತಾರೆ, ಮತ್ತೆ ಅಳಿಸುತ್ತಾರೆ, ಅದು ನಿಜವಾಗುವುದೇ ನಾಲ್ಕನೆಯ ಸೀಸನ್ನಿನಲ್ಲಿ. ಜನ ಅದನ್ನು ತಮಾಷೆಯ ಮಾತಾಗಿ ಬಳಸುತ್ತಾರೆ. ನಾನಾದರೋ ಅದನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ಸಮಾಧಾನದಿಂದ ನೋಡುತ್ತೇನೆ. ನನ್ನ ಕಾಯಿಲೆಯ ಹೆಸರು ಅಲ್ಲಿ ಪ್ರತಿ ವಾರವೂ ಒಬ್ಬರಿಗಾದರೂ ನೆನಪಾಗುತ್ತದೆ.

ನಿವೃತ್ತ ವಿಜ್ಞಾನ ಮೇಷ್ಟ್ರು, ಹೊನ್ನಾಳಿ

ತಾಯಿ, ನಿಮ್ಮ ಮಾತು ಈ ಚರ್ಚೆಯ ತೂಕ ಹೆಚ್ಚಿಸಿತು. ನಾನು ಇತಿಹಾಸದ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಹೌಸ್ ಪಾತ್ರವನ್ನು ಸೃಷ್ಟಿಸಿದ ಡೇವಿಡ್ ಶೋರ್ ಅದನ್ನು ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ. ಹೌಸ್‌ನ ಮನೆಯ ಸಂಖ್ಯೆ ಕೂಡ ಹೋಮ್ಸ್ ಮನೆಯದೇ, 221ಬಿ. ಹೋಮ್ಸ್‌ನಿಗಾದರೋ ಮೂಲ, ಎಡಿನ್‌ಬರೋದ ಶಸ್ತ್ರವೈದ್ಯ ಜೋಸೆಫ್ ಬೆಲ್. ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಈ ಬೆಲ್ ಅವರ ಕೈಕೆಳಗೆ ಕೆಲಸ ಮಾಡಿದ್ದರು. ನಡಿಗೆ ಮತ್ತು ಕೈಗಳನ್ನು ನೋಡಿಯೇ ರೋಗಿಯ ಕಸುಬನ್ನು ಹೇಳುತ್ತಿದ್ದ ಆ ಬೆಲ್, ದಾದಿಯರಿಗಾಗಿಯೇ ಶಸ್ತ್ರಚಿಕಿತ್ಸೆಯ ಪುಸ್ತಕ ಬರೆದು ಅವರಿಗೆ ಪಾಠ ಹೇಳಿದವರು. ಹೋಮ್ಸ್‌ನ ಮೂಲಕ ಹೌಸ್‌ವರೆಗೆ ಬರುವಷ್ಟರಲ್ಲಿ ನೋಟ ಉಳಿಯಿತು, ದಾದಿಯರು ಕಳೆದುಹೋದರು. ಸಿಸ್ಟರ್ ಅವರ ದೂರು ಎಷ್ಟು ನ್ಯಾಯವಾದದ್ದೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿ ನಮ್ಮ ನೆರೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗರು ಉಗ್ರ ಜ್ವರದಿಂದ ಮಲಗಿದರು. ಮಂಗಗಳು ಸಾಯುತ್ತಿದ್ದುದರಿಂದ ಹಳದಿ ಜ್ವರವಿರಬಹುದೆಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿ, ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಮಂಗನ ಕಾಯಿಲೆಯ ಆ ಪತ್ತೇದಾರಿಕೆ ಯಾವ ಕಥೆಗೂ ಕಡಿಮೆಯಿಲ್ಲ. ಅಲ್ಲಿ ಮಂಗ ಸತ್ತಿರುವ ಜಾಗವನ್ನು ಹೇಳಿದ ಹಳ್ಳಿಗನೂ ಬೇಕಾಗಿದ್ದ, ಉಣುಗು ಹೆಕ್ಕಿದವನೂ ಬೇಕಾಗಿದ್ದ. ಅಂಥ ಧಾರಾವಾಹಿಯನ್ನು ಯಾರಾದರೂ ಮಾಡಿದರೆ ನಾನು ಊಟ ಬಿಟ್ಟು ನೋಡುತ್ತೇನೆ.

ವಿದ್ಯಾನಗರದ ಓದುಗ, ದಾವಣಗೆರೆ

ಮೇಷ್ಟ್ರೇ, ಅಂಥದ್ದು ಬರಲಿ ಎಂದು ನಾನೂ ಬಯಸುತ್ತೇನೆ. ಆದರೆ ಒಬ್ಬ ಹಟಮಾರಿಯ ಕಥೆಗೂ ಅದರದೇ ಉಪಯೋಗವಿದೆ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ 2012ರಲ್ಲಿ ಹೃದಯ ವೈಫಲ್ಯ, ಜ್ವರ, ಮಂದವಾಗುತ್ತಿದ್ದ ದೃಷ್ಟಿ ಮತ್ತು ಶ್ರವಣದೊಂದಿಗೆ ಒಬ್ಬ ರೋಗಿ ಬಂದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಅಲ್ಲಿನ ಪ್ರಾಧ್ಯಾಪಕ ಯೂರ್ಗನ್ ಶೇಫರ್ ಈ ಧಾರಾವಾಹಿಯನ್ನೇ ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದವರು. ಕೃತಕ ಸೊಂಟದ ಕೀಲಿನ ಲೋಹದಿಂದ ಕೋಬಾಲ್ಟ್ ವಿಷವೇರಿದ ಕಂತೊಂದು ಅವರಿಗೆ ನೆನಪಾಯಿತು, ರೋಗಿಗೂ ಲೋಹದ ಕೀಲು ಹಾಕಿದ್ದರು, ರಕ್ತ ಪರೀಕ್ಷಿಸಿದರೆ ಕೋಬಾಲ್ಟ್ ವಿಪರೀತವಾಗಿತ್ತು. ಕೀಲನ್ನು ಬದಲಿಸಿದ ಮೇಲೆ ಹೃದಯ ಸುಧಾರಿಸಿತು. 2014ರಲ್ಲಿ ಅವರು ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗದ ಕಥೆ ರೋಚಕವಾಗಿದ್ದರೆ ಅದು ವೈದ್ಯರ ನೆನಪಿನಲ್ಲೂ ಕೂರುತ್ತದೆ.

ಪಿ.ಜಿ. ವಿದ್ಯಾರ್ಥಿ, ಜನರಲ್ ಮೆಡಿಸಿನ್

ಸರ್, ಅದೇ ರೋಚಕತೆ ತಪ್ಪು ನೆನಪುಗಳನ್ನೂ ಕೂರಿಸುತ್ತದೆ. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಗಿನ ಮೂರು ಅಮೆರಿಕನ್ ಕಾರ್ಯಕ್ರಮಗಳಲ್ಲಿ ಹೃದಯ ನಿಂತು ಸಿಪಿಆರ್ (ಎದೆ ಒತ್ತಿ ಹೃದಯ, ಉಸಿರು ಮರಳಿಸುವ ಪ್ರಯತ್ನ) ಪಡೆದವರಲ್ಲಿ ನೂರಕ್ಕೆ 75 ಮಂದಿ ಆ ಕ್ಷಣಕ್ಕೆ ಬದುಕುತ್ತಿದ್ದರು. ವಾರ್ಡಿನಲ್ಲಿ ಹಾಗಾಗುವುದಿಲ್ಲ. ಎದೆ ಒತ್ತಿ ಒತ್ತಿ ಕೊನೆಗೆ ಕೈ ತೆಗೆದು ಹೊರಗೆ ಬಂದಾಗ, ಟಿ.ವಿ.ಯಲ್ಲಿ ಬದುಕಿಸುತ್ತಾರಲ್ಲ ಎಂಬ ಭಾವ ಮನೆಯವರ ಕಣ್ಣಿನಲ್ಲಿರುತ್ತದೆ. ಅದಕ್ಕೆ ಉತ್ತರ ಹೇಳುವುದನ್ನು ನಮಗೆ ಯಾವ ನಾಯಕನೂ ಕಲಿಸಲಿಲ್ಲ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಗಳನ್ನೂ ಪಾಠವಾಗಿ ಸೇರಿಸಿದ್ದಾರೆ. ಅದು ಬೇಕಾಗಿಯೇ ಇತ್ತು.

ವಾರ್ಡ್ ಸಿಸ್ಟರ್, ದಾವಣಗೆರೆ

ಚಿತ್ರದುರ್ಗದ ಅಕ್ಕನವರಿಗೆ ಒಂದು ಪ್ರಶ್ನೆ, ಮನಸ್ಸಿಗೆ ಬೇಜಾರಾದರೆ ಉತ್ತರಿಸುವುದು ಬೇಡ. ನಿಮ್ಮ ಕಾಯಿಲೆಯನ್ನು ಕೊನೆಗೆ ಗುರುತಿಸಿದವರು ಹೌಸ್‌ನಂಥವರಾಗಿದ್ದು, ಬೈದು ಅವಮಾನಿಸಿ ಗುರುತಿಸಿದ್ದರೆ, ನಿಮಗೆ ಒಪ್ಪಿಗೆಯಾಗುತ್ತಿತ್ತೆ?

ಕೋಟೆಯೂರಿನ ಓದುಗಿ, ಚಿತ್ರದುರ್ಗ

ಬೇಜಾರೇನಿಲ್ಲ ಸಿಸ್ಟರ್. ಆ ದಿನಗಳಲ್ಲಿ ಕೇಳಿದ್ದರೆ, ಬೈಯಲಿ, ಹೆಸರು ಹೇಳಲಿ ಸಾಕು ಎನ್ನುತ್ತಿದ್ದೆ. ಆದರೆ ನನ್ನ ರೋಗ ಗೊತ್ತಾದ ಬಗೆಯನ್ನು ಹೇಳಿದರೆ ನಿಮಗೇ ಉತ್ತರ ಸಿಗುತ್ತದೆ. ನಾನು ಹಳ್ಳಿಯಿಂದ ನಾಟಿ ಔಷಧಿ ತಂದು ತಿನ್ನುತ್ತಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಕೂದಲು ಉದುರುತ್ತಿದ್ದುದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಬಾಯಿಯ ಹುಣ್ಣಿಗೂ ಕೀಲಿಗೂ ಏನು ಸಂಬಂಧ ಎಂದುಕೊಂಡು ಅದನ್ನೂ ಬಿಟ್ಟಿದ್ದೆ. ಆ ವೈದ್ಯೆ ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗುತ್ತದೆಯೇ ಎಂದು ಕೇಳಿ, ನಾನು ತಡವರಿಸಿದಾಗ ಬರೆಯುವುದನ್ನು ನಿಲ್ಲಿಸಿ ಕಾದರು. ಮುಂದಿನ ಎಲ್ಲ ಮಾತೂ ಆಮೇಲೆ ಬಂತು, ಲೂಪಸ್ ಅನುಮಾನ ಬಂದಾಗ ಮಾಡಿಸುವ ಎಎನ್ಎ ಎಂಬ ರಕ್ತಪರೀಕ್ಷೆ ಬರೆದದ್ದೂ ಆಮೇಲೆಯೇ.

ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬ ಹೌಸ್‌ನ ಮಾತು ನನ್ನ ಮಟ್ಟಿಗೆ ಸತ್ಯ, ನಾನು ಮುಚ್ಚಿಟ್ಟದ್ದು ಬಹಳ ಇತ್ತು. ಅವನಾಗಿದ್ದರೆ ತನ್ನ ಹುಡುಗರನ್ನು ಕಳಿಸಿ, ನನ್ನ ಮನೆಯ ಬೀಗ ಮುರಿಸಿ, ಆ ಔಷಧಿಯ ಪೊಟ್ಟಣ ತರಿಸುತ್ತಿದ್ದ. ಈ ವೈದ್ಯೆಗೆ ನಾನೇ ಮರುದಿನ ತಂದುಕೊಟ್ಟೆ. ಅವನ ಧಾರಾವಾಹಿಯನ್ನು ಮುಂದೆಯೂ ನೋಡುತ್ತೇನೆ, ಆ ಹಲಗೆಗಾಗಿ ಮತ್ತು ಬಿಟ್ಟುಕೊಡದ ಆ ಹಟಕ್ಕಾಗಿ. ಚಿಕಿತ್ಸೆಗೆ ಮಾತ್ರ ಈಕೆಯ ಹತ್ತಿರವೇ ಹೋಗುತ್ತೇನೆ, ಈಕೆಗೂ ಅಂಥದ್ದೇ ಹಟವಿದೆ.