ರಿಲೀಸ್ ಅಂದರೆ ‘ಬಿಡುಗಡೆ’ಯೇ, ‘ಬಿಡು’ ಎಂಬುದೇ?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಕ್ಕೆ ಸೇರಿದ ನಮ್ಮ ಉಡುಪಿ ಕಡೆಯ ಮಕ್ಕಳಿಗಾಗಿ ಪ್ರೋಗ್ರಾಮಿಂಗ್ ಪಾಠ ಬರೆಯುತ್ತಿದ್ದೇನೆ. ಆಬ್ಜೆಕ್ಟಿವ್-ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೆಮೊರಿ ಲೀಕ್ ಆಗದಂತೆ (ಬಳಸಿ ಮುಗಿದ ಮೆಮೊರಿ ವಾಪಸ್ ಸಿಗದೆ ಉಳಿಯದಂತೆ) ನೋಡಿಕೊಳ್ಳುವ ಪಾಠದಲ್ಲಿ ಪದಗಳ ತೊಡಕು ಬಂದಿದೆ.

ಅಲ್ಲಿ ಪ್ರತಿ ಆಬ್ಜೆಕ್ಟಿಗೂ (ಮೆಮೊರಿಯಲ್ಲಿ ಜಾಗ ಪಡೆದ, ಪ್ರೋಗ್ರಾಮಿನ ಒಂದು ಘಟಕಕ್ಕೂ) ಪ್ರೋಗ್ರಾಮಿನ ಭಾಗಗಳು ಅದನ್ನು ಎಷ್ಟು ಸಲ ಹಿಡಿದಿವೆ ಎಂಬ ಒಂದು ಎಣಿಕೆ ಇರುತ್ತದೆ. ಅಲಾಕ್ ಮಾಡಿದಾಗ, ಅಂದರೆ ಆಬ್ಜೆಕ್ಟಿಗೆ ಮೆಮೊರಿ ಕೊಟ್ಟಾಗ, ಆ ಎಣಿಕೆ 1. ರಿಟೇನ್ ಮಾಡಿದರೆ (ನನಗೆ ಇದು ಬೇಕು ಎಂದರೆ) ಒಂದು ಹೆಚ್ಚುತ್ತದೆ, ರಿಲೀಸ್ ಮಾಡಿದರೆ (ನನಗಿನ್ನು ಬೇಡ ಎಂದರೆ) ಒಂದು ಇಳಿಯುತ್ತದೆ. ಸೊನ್ನೆಯಾದಾಗ ಮಾತ್ರ ಡಿಅಲಾಕ್ (ಆಬ್ಜೆಕ್ಟನ್ನು ಅಳಿಸುವ ಕೆಲಸ) ನಡೆದು ಮೆಮೊರಿ ವಾಪಸ್ ಸಿಗುತ್ತದೆ.

ರಿಲೀಸಿಗೆ ‘ಬಿಡುಗಡೆ’ ಎಂದು ಬರೆದರೆ ಅರ್ಥ ಕೆಡುತ್ತದೆ ಅಂತ ನನ್ನ ಅನಿಸಿಕೆ. ಜೈಲಿನಿಂದ ಬಿಡುಗಡೆಯಾದವನನ್ನು ಆಮೇಲೆ ಯಾರೂ ಹಿಡಿದಿರುವುದಿಲ್ಲ, ಅಲ್ವಾ? ಇಲ್ಲಿ ಹಾಗಲ್ಲ. ನಾನು ರಿಲೀಸ್ ಮಾಡಿದರೆ ನನ್ನ ಹಿಡಿತ ಮಾತ್ರ ಹೋಯಿತು. ಅದೇ ಆಬ್ಜೆಕ್ಟನ್ನು ಇನ್ನೂ ಮೂವರು ಹಿಡಿದಿರಬಹುದು. ‘ಬಿಡುಗಡೆ’ ಎಂದು ಓದಿದವರಿಗೆ ಒಬ್ಬರು ರಿಲೀಸ್ ಮಾಡಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಆಗ ರಿಟೇನ್ ಮಾಡಿದ ಇನ್ನೊಬ್ಬರು ಸುಮ್ಮನಿದ್ದುಬಿಡುತ್ತಾರೆ, ಮೆಮೊರಿ ಅಲ್ಲೇ ಉಳಿಯುತ್ತದೆ. ಅಥವಾ ತಾನು ಹಿಡಿಯದೇ ಇದ್ದದ್ದನ್ನು ಯಾರೋ ರಿಲೀಸ್ ಮಾಡುತ್ತಾರೆ, ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ.

ಅದಕ್ಕೇ ರಿಟೇನಿಗೆ ‘ಹಿಡಿ’, ರಿಲೀಸಿಗೆ ‘ಬಿಡು’ ಎಂದು ಇಟ್ಟುಕೊಂಡಿದ್ದೇನೆ. ಹಿಡಿದವರೇ ಬಿಡಬೇಕು, ಹಿಡಿದಷ್ಟೇ ಸಲ ಬಿಡಬೇಕು. ನಿಯಮ ಪದದಲ್ಲೇ ಸಿಗುತ್ತದೆ. ಮನೆಯಲ್ಲಿ ತುಳು ಆಡುವ ಮಕ್ಕಳಿಗೂ ‘ಬುಡು’ವಿಗೆ ಹತ್ತಿರದ ‘ಬಿಡು’ ಬೇಗ ಹಿಡಿಸುತ್ತದೆ. ಈಗಲೇ ಬಿಡದೆ ಸ್ವಲ್ಪ ಹೊತ್ತಿನ ನಂತರ ತಾನಾಗಿ ಬಿಡಿಸುವ ಆಟೋರಿಲೀಸಿಗೆ ‘ಆಮೇಲೆ ಬಿಡು’ ಸಾಕು.

ನಿಮ್ಮನ್ನು ಕೇಳಬೇಕಾದದ್ದು ವೀಕ್ ರೆಫರೆನ್ಸಿನ ಬಗ್ಗೆ, ಅಂದರೆ ಎಣಿಕೆ ಹೆಚ್ಚಿಸದೆ ಆಬ್ಜೆಕ್ಟನ್ನು ತೋರಿಸುವ ಗುರುತಿನ ಬಗ್ಗೆ. ವಿಂಡೋ ಬಟನ್ನನ್ನು ಹಿಡಿದಿದೆ, ಬಟನ್ ವಿಂಡೋವನ್ನು ಹಿಡಿದಿದೆ ಎಂದುಕೊಳ್ಳಿ. ಹೊರಗಿನವರೆಲ್ಲ ಬಿಟ್ಟರೂ ಎರಡರ ಎಣಿಕೆಯೂ ಸೊನ್ನೆಗೆ ಇಳಿಯುವುದಿಲ್ಲ. 2011ರಲ್ಲಿ ಎಆರ್‌ಸಿ (ಆಟೋಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್, ಈ ಎಣಿಕೆಯನ್ನು ತಾನಾಗಿ ನೋಡಿಕೊಳ್ಳುವ ವ್ಯವಸ್ಥೆ) ಬಂದು ಹಿಡಿಯುವ, ಬಿಡುವ ಕೆಲಸವನ್ನು ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ವಹಿಸಿಕೊಂಡಿತು. ಆದರೂ ಒಂದನ್ನೊಂದು ಹಿಡಿದ ಈ ಸುತ್ತನ್ನು ನಾವೇ ಮುರಿಯಬೇಕು. ಬಟನ್ ವಿಂಡೋದ ವಿಳಾಸವನ್ನಷ್ಟೇ ಇಟ್ಟುಕೊಳ್ಳಬೇಕು, ಹಿಡಿಯಬಾರದು.

ಇದಕ್ಕೆ ‘ದುರ್ಬಲ ಉಲ್ಲೇಖ’ ಎಂದರೆ ಏನೋ ಕೊರತೆ ಇರುವಂತೆ ಕೇಳಿಸುತ್ತದೆ. ಬೇಕೆಂದೇ ಹಿಡಿಯದೆ ಇರುವುದು ಅದರಲ್ಲಿ ಕಾಣುವುದಿಲ್ಲ. ‘ಹಿಡಿಯದ ಗುರುತು’ ಎನ್ನಬಹುದೇ? ಇದಕ್ಕಿಂತ ಚಿಕ್ಕ ಪದ ಯಾರಾದರೂ ಬಳಸಿದ್ದರೆ, ಬಳಸಿದ ವಾಕ್ಯದ ಜೊತೆ ದಯವಿಟ್ಟು ತಿಳಿಸಿ.